ವೀಲ್ ನಟ್ ಕಾಣೆಯಾದ ಚಕ್ರಕ್ಕೆ ಟಾರ್ಕ್ ರೆಂಚ್: ಬಳಸಿ ನೋಡಿ ಬರೆದ ವಿಮರ್ಶೆ

ಕಾರಿನ ಚಕ್ರದಲ್ಲಿ ಒಂದು ನಟ್ ಇಲ್ಲವೆಂದು ತಿಳಿದ ಕೂಡಲೇ ಎಲ್ಲರೂ ಕೇಳುವುದು, ಹೀಗೆಯೇ ಓಡಿಸಿಕೊಂಡು ಹೋಗಬಹುದೇ ಎಂದು. ಉಳಿದ ನಟ್‌ಗಳು ಎಷ್ಟು ಬಿಗಿಯಾಗಿವೆ, ಅವು ಕೂತಿರುವ ಸ್ಟಡ್‌ಗಳು, ಅಂದರೆ ಚಕ್ರವನ್ನು ಸಿಕ್ಕಿಸುವ ಥ್ರೆಡ್ ಇರುವ ಕಡ್ಡಿಗಳು, ಎಷ್ಟು ಗಟ್ಟಿಯಾಗಿವೆ ಎಂಬುದನ್ನು ನೋಡದೆ ಆ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಅದನ್ನೂ ಬರಿಗಣ್ಣಿನಿಂದ ನೋಡಿದರೆ ಸಾಲದು, ಅಳೆದೇ ನೋಡಬೇಕು. ಆ ಅಳತೆಗೆಂದು ಕೊಂಡು, ಬಳಸಿ, ಪರೀಕ್ಷೆಗೂ ಒಡ್ಡಿದ ಒಂದು ಟಾರ್ಕ್ ರೆಂಚಿನ, ಅಂದರೆ ನಟ್ ಅನ್ನು ಬೇಕಾದಷ್ಟೇ ಬಿಗಿತಕ್ಕೆ ಬಿಗಿಯುವ ಸ್ಪ್ಯಾನರಿನ, ವಿಮರ್ಶೆ ಇದು. ಅದರೊಂದಿಗೆ ತರಿಸಿಕೊಂಡ ಸ್ಟಡ್ ಎಳೆಯುವ ಉಪಕರಣ, ಬದಲಿ ನಟ್‌ಗಳು ಮತ್ತು ಹಳದಿ ಬಾಣದ ಸೂಚಕಗಳ ಬಗೆಗೂ ಇಲ್ಲಿ ಬರೆದಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ರೆಂಚನ್ನು ಕಾರಿರುವ ಎಲ್ಲರಿಗೂ ಮನಸಾರೆ ಶಿಫಾರಸು ಮಾಡುತ್ತೇನೆ. ಸ್ಟಡ್ ಉಪಕರಣವನ್ನು ಕೈಕೆಲಸದ ಅಭ್ಯಾಸವಿರುವವರಿಗೆ ಮಾತ್ರ. ಹೊಳೆಯುವ ಟೋಪಿ ಹಾಕಿದ ಬದಲಿ ನಟ್‌ಗಳನ್ನು ಯಾರೂ ಕೊಳ್ಳಬಾರದು.

ರೆಂಚಿನ ತಲೆ ಅರ್ಧ ಇಂಚಿನ ಚೌಕದ್ದು. 40ರಿಂದ 200 ನ್ಯೂಟನ್ ಮೀಟರ್‌ವರೆಗೆ (ಇದು ತಿರುಚುಬಲದ ಅಳತೆ) ಯಾವ ಬಿಗಿತ ಬೇಕೋ ಅದಕ್ಕೆ ಹಿಡಿಯನ್ನು ತಿರುಗಿಸಿ ಹೊಂದಿಸಿಕೊಳ್ಳಬಹುದು. ಹೊಂದಿಸಿದ ಮಟ್ಟ ಬಂದಾಗ ಅದು ಕಿವಿಗೆ ಕೇಳುವಂತೆ, ಕೈಗೆ ತಾಗುವಂತೆ ಕ್ಲಿಕ್ ಎನ್ನುತ್ತದೆ. ಇದೇ ಒಡಲಿನ, ಇದೇ ಹಿಡಿಯ ರೆಂಚುಗಳು ಬೇರೆ ಬೇರೆ ಬ್ರ್ಯಾಂಡುಗಳ ಹೆಸರಿನಲ್ಲಿ ಮಾರಾಟವಾಗುವುದರಿಂದ ಇಲ್ಲಿ ಬ್ರ್ಯಾಂಡಿನ ಹೆಸರಿಗಿಂತ ಮಾದರಿಯನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಈ ವ್ಯಾಪ್ತಿಯನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಸಾಮಾನ್ಯ ಕಾರುಗಳ ವೀಲ್ ನಟ್‌ಗಳಿಗೆ ತಯಾರಕರು ಸೂಚಿಸುವ ಬಿಗಿತ ಹೆಚ್ಚುಕಡಿಮೆ 85ರಿಂದ 140 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ಮತ್ತು ಕ್ಲಿಕ್ ಮಾದರಿಯ ರೆಂಚುಗಳು ತಮ್ಮ ಗರಿಷ್ಠ ಮಿತಿಯ ಶೇಕಡಾ 20ಕ್ಕಿಂತ ಕೆಳಗೆ ನಂಬಿಕೆಗೆ ಅರ್ಹವಲ್ಲ. 200ರ ರೆಂಚಿನಲ್ಲಿ ನಮಗೆ ಬೇಕಾದ ಅಂಕಿಗಳೆಲ್ಲ ಅಳತೆಯ ನಡುಭಾಗದಲ್ಲೇ ಬರುತ್ತವೆ. ದೊಡ್ಡದು ಇದ್ದಷ್ಟೂ ಒಳ್ಳೆಯದೆಂದು 350ರದ್ದನ್ನು ಕೊಂಡವರು ಭಾರವಾದ, ಉದ್ದವಾದ ಉಪಕರಣವನ್ನು ಡಿಕ್ಕಿಯಲ್ಲಿ ಹೊತ್ತು ತಿರುಗುತ್ತಾರೆ ಅಷ್ಟೆ.

ಇಂಥ ಉಪಕರಣ ಯಾಕೆ ಬೇಕು, ಜ್ಯಾಕಿನ ಜೊತೆ ಬಂದಿರುವ ವೀಲ್ ಸ್ಪ್ಯಾನರ್ ಸಾಲದೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದರೆ ಚಕ್ರ ಹೇಗೆ ನಿಂತಿದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಸ್ಟಡ್‌ಗಳು ಗೂಟಗಳಂತೆ ಚಕ್ರದ ಭಾರವನ್ನು ಹೊತ್ತಿವೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ನಟ್ ಬಿಗಿಯಾದಂತೆ ಸ್ಟಡ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಎಳೆದ ಸ್ಪ್ರಿಂಗಿನಂತೆ ಮತ್ತೆ ಹಿಂದಕ್ಕೆ ಸೆಳೆಯುತ್ತದೆ, ಆ ಸೆಳೆತವೇ ಚಕ್ರದ ಮುಖವನ್ನು ಹಬ್‌ನ, ಅಂದರೆ ಚಕ್ರವನ್ನು ಹೊತ್ತು ತಿರುಗುವ ನಡುಭಾಗದ, ಮುಖಕ್ಕೆ ಒತ್ತಿ ಹಿಡಿಯುತ್ತದೆ. 12 ಮಿಲಿಮೀಟರ್ ವ್ಯಾಸದ ಒಣ ಸ್ಟಡ್‌ಗೆ 100 ನ್ಯೂಟನ್ ಮೀಟರ್ ಬಿಗಿತ ಕೊಟ್ಟಾಗ, ಎಂಜಿನಿಯರುಗಳು ಅಂದಾಜಿಗೆ ಬಳಸುವ ಸೂತ್ರದ ಪ್ರಕಾರ, ಸುಮಾರು 40 ಕಿಲೋನ್ಯೂಟನ್, ಅಂದರೆ 4 ಟನ್ ಭಾರಕ್ಕೆ ಸಮನಾದ ಸೆಳೆತ ಹುಟ್ಟುತ್ತದೆ. ಐದು ಸ್ಟಡ್‌ಗಳ ಚಕ್ರದಲ್ಲಿ ಒಟ್ಟು 20 ಟನ್. ಈ ಒತ್ತಡದಿಂದ ಎರಡು ಲೋಹದ ಮುಖಗಳ ನಡುವೆ ಉಂಟಾಗುವ ಘರ್ಷಣೆಯೇ ಬ್ರೇಕಿನ ಎಳೆತವನ್ನೂ ತಿರುವಿನ ನೂಕನ್ನೂ ರಸ್ತೆಗುಂಡಿಯ ಹೊಡೆತವನ್ನೂ ತಡೆದುಕೊಳ್ಳುತ್ತದೆ. ಸ್ಟಡ್‌ಗಳ ಮೇಲೆ ಅಡ್ಡ ಹೊಡೆತ ಬೀಳುವುದೇ ಇಲ್ಲವೆನ್ನುವಷ್ಟು ಕಡಿಮೆ.

ಒಂದು ನಟ್ ಹೋದರೆ ಐದರ ಚಕ್ರದಲ್ಲಿ ಈ ಒತ್ತಡದ ಐದನೆಯ ಒಂದು ಭಾಗ, ನಾಲ್ಕರ ಚಕ್ರದಲ್ಲಿ ಕಾಲು ಭಾಗ ಇಲ್ಲವಾಗುತ್ತದೆ. ಹಾಗೆ ಇಲ್ಲವಾಗುವುದು ಒಂದೇ ಬದಿಯಲ್ಲಿ ಎಂಬುದು ಇನ್ನೂ ಕೆಟ್ಟದ್ದು. ಉಳಿದ ನಟ್‌ಗಳೂ ಸಡಿಲವಾಗಿದ್ದರೆ ಚಕ್ರದ ಮುಖ ಹಬ್‌ನ ಮೇಲೆ ಪ್ರತಿ ಸುತ್ತಿನಲ್ಲೂ ಸೂಕ್ಷ್ಮವಾಗಿ ಜಾರತೊಡಗುತ್ತದೆ, ಸ್ಟಡ್‌ಗಳು ಅತ್ತ ಇತ್ತ ಬಾಗತೊಡಗುತ್ತವೆ. ಮಧ್ಯಮ ಗಾತ್ರದ ಕಾರಿನ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು 500 ಸುತ್ತು ಸುತ್ತುತ್ತದೆ. 100 ಕಿಲೋಮೀಟರ್ ಓಡಿದರೆ 50,000 ಬಾರಿ ಬಾಗಿದಂತಾಯಿತು. ಲೋಹ ದಣಿದು ಬಿರುಕು ಬಿಡುವುದು ಹೀಗೆ. ಲಾರಿಗಳ ನಿರ್ವಹಣೆಯಲ್ಲಿ ಒಂದು ಸ್ಟಡ್ ಮುರಿದರೆ ಅದರ ಎರಡೂ ಪಕ್ಕದ ಸ್ಟಡ್‌ಗಳನ್ನು ಬದಲಿಸಬೇಕು, ಎರಡು ಅಥವಾ ಹೆಚ್ಚು ಮುರಿದಿದ್ದರೆ ಆ ಚಕ್ರದ ಎಲ್ಲವನ್ನೂ ಬದಲಿಸಬೇಕು ಎಂಬ ಪದ್ಧತಿ ಇರುವುದೂ ಇದೇ ಕಾರಣಕ್ಕೆ. ಮುರಿದದ್ದರ ಪಾಲಿನ ಭಾರವನ್ನು ಪಕ್ಕದವು ಹೊತ್ತು ಅವುಗಳ ಆಯುಷ್ಯವೂ ಸವೆದಿರುತ್ತದೆ.

ಈ ರೆಂಚನ್ನು ನಿಜವಾದ ಕೆಲಸಕ್ಕೆ ಹಚ್ಚುವ ಸಂದರ್ಭ ಬಂದದ್ದು ಪರಿಚಿತರೊಬ್ಬರ ಐದು ಸ್ಟಡ್‌ಗಳ ಕಾರಿನ ಮುಂದಿನ ಎಡ ಚಕ್ರದಲ್ಲಿ ಒಂದು ನಟ್ ಕಾಣೆಯಾದಾಗ. ಹೊಸ ಟೈರ್ ಹಾಕಿಸಿಕೊಂಡು ಬಂದ ಕೆಲವೇ ದಿನಗಳಲ್ಲಿ ಅದು ಉದುರಿಹೋಗಿತ್ತು. ಖಾಲಿ ಉಳಿದ ಸ್ಟಡ್‌ನ ತುದಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿದಾಗ ಕಥೆ ಸ್ಪಷ್ಟವಾಯಿತು: ಮೊದಲ ಮೂರು ನಾಲ್ಕು ಥ್ರೆಡ್‌ಗಳು ಓರೆಯಾಗಿ ಕತ್ತರಿಸಿಹೋಗಿದ್ದವು, ಅವುಗಳ ನಡುವೆ ಬೆಳ್ಳಿಯ ಬಣ್ಣದ ಲೋಹದ ಚೂರುಗಳು ಸಿಕ್ಕಿಕೊಂಡಿದ್ದವು. ನಟ್ ಅನ್ನು ಕೈಯಿಂದ ನಾಲ್ಕು ಸುತ್ತು ಕೂರಿಸದೆ ನೇರವಾಗಿ ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಗನ್‌ನಿಂದ ಹತ್ತಿಸಿದರೆ ಆಗುವ ಹಾನಿ ಇದು. ಅಡ್ಡಥ್ರೆಡ್‌ನಲ್ಲಿ ಸಿಕ್ಕಿಬಿದ್ದ ನಟ್ ಗನ್‌ಗೆ ಬಿಗಿಯಾದಂತೆಯೇ ಭಾಸವಾಗುತ್ತದೆ, ಆದರೆ ಅದು ಚಕ್ರದಲ್ಲಿ ತಾನು ಕೂರಬೇಕಾದ ಕುಳಿಯನ್ನು ಮುಟ್ಟಿರುವುದೇ ಇಲ್ಲ. ಪಕ್ಕದ ಒಂದು ನಟ್‌ನ ಬುಡದಿಂದ ಹೊರಮುಖವಾಗಿ ತುಕ್ಕಿನ ಸಣ್ಣ ಗೆರೆಗಳು ಹರಡಿದ್ದವು. ಚಕ್ರದ ಮೇಲೆ ನಟ್‌ನಿಂದ ಹೊರಟ ಇಂಥ ಕೆಂಗೆರೆಗಳು ಕಂಡರೆ ಆ ನಟ್ ಅಲುಗಾಡುತ್ತಿದೆ, ಲೋಹ ಲೋಹವನ್ನು ಉಜ್ಜುತ್ತಿದೆ ಎಂದೇ ತಿಳಿಯಬೇಕು; ಕಾರು ತೊಳೆಯುವವರು ಇದನ್ನು ಕೊಳೆಯೆಂದು ಒರೆಸಿಬಿಡುತ್ತಾರೆ.

ಆ ಕಾರಿನ ಕೈಪಿಡಿ ಹೇಳುತ್ತಿದ್ದ ಬಿಗಿತ 103 ನ್ಯೂಟನ್ ಮೀಟರ್. ರೆಂಚನ್ನು ಅಷ್ಟಕ್ಕೆ ಹೊಂದಿಸಿ, 21 ಮಿಲಿಮೀಟರ್ ಸಾಕೆಟ್ ಹಾಕಿ, ಉಳಿದ ನಾಲ್ಕನ್ನೂ ಒಂದೊಂದಾಗಿ ಬಿಗಿಮುಖಕ್ಕೆ ಎಳೆದು ನೋಡಿದೆ. ತುಕ್ಕಿನ ಗೆರೆಯಿದ್ದ ನಟ್ ಕ್ಲಿಕ್ ಎನ್ನುವ ಮೊದಲು ಕಾಲು ಸುತ್ತಿನಷ್ಟು ತಿರುಗಿತು. ಇನ್ನೆರಡು ಸ್ವಲ್ಪ ಸ್ವಲ್ಪ ತಿರುಗಿದವು. ನಾಲ್ಕನೆಯದು ಅಲುಗಾಡದೆ ಕೂಡಲೇ ಕ್ಲಿಕ್ ಎಂದಿತು. ರೆಂಚಿನ ಮಿತಿ ಅರಿವಾಗುವುದು ಇಲ್ಲಿಯೇ: ಅಲುಗಾಡದೆ ಕ್ಲಿಕ್ ಎಂದ ನಟ್‌ನಲ್ಲಿ 103 ಇರಬಹುದು, ಗನ್‌ನ ಕೃಪೆಯಿಂದ 200 ಕೂಡ ಇರಬಹುದು. ಹೊಂದಿಸಿದ ಮಟ್ಟ ಮುಟ್ಟಿದೆ ಎಂಬುದಷ್ಟನ್ನೇ ಉಪಕರಣ ಹೇಳುತ್ತದೆ. ಮೀರಿದ್ದರೆ ಎಷ್ಟು ಮೀರಿದೆ ಎಂಬುದನ್ನು ಹೇಳುವುದಿಲ್ಲ. ಹಾಗಾಗಿ ಅಂಥ ನಟ್ ಅನ್ನು ಸಾಮಾನ್ಯ ಸ್ಪ್ಯಾನರಿನಿಂದ ಬಿಚ್ಚಿ, ಥ್ರೆಡ್ ನೋಡಿ, ಕೈಯಿಂದ ಕೂರಿಸಿ, ಮತ್ತೆ ರೆಂಚಿನಿಂದಲೇ ಬಿಗಿಯಬೇಕು. ಬಿಚ್ಚುವಾಗ ಅದು ಕಿರ್ರೆಂದು ಕಷ್ಟಪಟ್ಟು ಬಂದರೆ, ಬಿಚ್ಚಿದ ಮೇಲೆ ಹೊಸದೊಂದು ನಟ್ ಆ ಸ್ಟಡ್ ಮೇಲೆ ಬುಡದವರೆಗೆ ಬೆರಳಿನಿಂದ ಹೋಗದಿದ್ದರೆ, ಸ್ಟಡ್ ಮಿತಿಮೀರಿ ಹಿಗ್ಗಿದೆ ಎಂದರ್ಥ. ಒಮ್ಮೆ ಹಾಗೆ ಹಿಗ್ಗಿದ ಸ್ಟಡ್ ಮತ್ತೆ ಮೊದಲಿನಂತೆ ಸೆಳೆಯುವುದಿಲ್ಲ. ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ.

ಉಪಕರಣ ತಾನು ಹೇಳುವ ಅಂಕಿಗೆ ನಿಷ್ಠವಾಗಿದೆಯೇ ಎಂಬುದನ್ನು ಪೆಟ್ಟಿಗೆಯಲ್ಲಿರುವ ಪ್ರಮಾಣಪತ್ರವನ್ನಷ್ಟೇ ನೋಡಿ ಒಪ್ಪಿಕೊಳ್ಳುವುದು ನನಗೆ ಸರಿಯೆನಿಸಲಿಲ್ಲ. ಕೈ ರೆಂಚುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6789 ಈ ವ್ಯಾಪ್ತಿಯ ಕ್ಲಿಕ್ ರೆಂಚುಗಳಿಗೆ ಶೇಕಡಾ 4ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸುವ ವಿಧಾನ ಹೀಗಿದೆ. ರೆಂಚಿನ ಚೌಕವನ್ನು ಮೇಜಿನ ವೈಸ್‌ನಲ್ಲಿ ಬಿಗಿಯಾಗಿ ಕಚ್ಚಿಸಿ ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಬೇಕು. ಕೈ ಹಿಡಿಯಬೇಕಾದ ಜಾಗದ ನಡುಗೆರೆಗೆ ಹಗ್ಗ ಕಟ್ಟಿ ತೂಕ ಗೊತ್ತಿರುವ ನೀರಿನ ಕ್ಯಾನನ್ನು ನಿಧಾನವಾಗಿ ತೂಗುಬಿಡಬೇಕು. ನನ್ನ ರೆಂಚಿನಲ್ಲಿ ಆ ಗೆರೆ ಚೌಕದ ಮಧ್ಯದಿಂದ 40 ಸೆಂಟಿಮೀಟರ್ ದೂರದಲ್ಲಿದೆ. ಕ್ಯಾನೂ ನೀರೂ ಸೇರಿ 25 ಕೆಜಿ ಇದ್ದಾಗ ತಿರುಚುಬಲ 98 ನ್ಯೂಟನ್ ಮೀಟರ್, ರೆಂಚಿನ ಸ್ವಂತ ತೂಕದಿಂದ ಇನ್ನೂ ಸುಮಾರು 3, ಒಟ್ಟು 101 ಆಗುತ್ತದೆ. 98ಕ್ಕೆ ಹೊಂದಿಸಿದಾಗ ಕ್ಯಾನ್ ತೂಗುತ್ತಲೇ ರೆಂಚು ಕ್ಲಿಕ್ ಎಂದಿತು; 104ಕ್ಕೆ ಹೊಂದಿಸಿದಾಗ ಸುಮ್ಮನಿತ್ತು. ಮನೆಯ ತಕ್ಕಡಿಯ ನಿಖರತೆಗೆ ಮಿತಿಯಿದೆಯಾದರೂ, ರೆಂಚು ತನ್ನ ಮಾತಿಗೆ ನಿಂತಿದೆ ಎಂದು ನಂಬಲು ಇಷ್ಟು ಸಾಕು. ರೆಂಚು ಕೆಳಗೆ ಬಿದ್ದಾಗಲೆಲ್ಲ ಈ ಪರೀಕ್ಷೆಯನ್ನು ಮಾಡಿ ನೋಡಬಹುದು, ಖರ್ಚೇನೂ ಇಲ್ಲ.

ಬಳಕೆಯಲ್ಲಿ ಮೆಚ್ಚಿಗೆಯಾದದ್ದು ಕ್ಲಿಕ್‌ನ ಸ್ಪಷ್ಟತೆ. 80ರಿಂದ ಮೇಲೆ ಕೈಯಲ್ಲಿ ಒಂದು ಸಣ್ಣ ಜಾರಿಕೆಯೇ ಅನುಭವಕ್ಕೆ ಬರುತ್ತದೆ, ವಾಹನಗಳ ಸದ್ದಿನ ನಡುವೆ ರಸ್ತೆಬದಿಯಲ್ಲಿ ನಿಂತಿದ್ದಾಗಲೂ ತಪ್ಪಿಹೋಗುವುದಿಲ್ಲ. 50ರ ಕೆಳಗೆ ಅದು ತೀರ ಮೃದುವಾಗಿದೆ. ವೀಲ್ ನಟ್‌ಗೆ ಅದರಿಂದ ತೊಂದರೆಯಿಲ್ಲ, ಆದರೆ ಎಂಜಿನ್ನಿನ ಸಣ್ಣ ಬೋಲ್ಟ್‌ಗಳಿಗೂ ಇದನ್ನೇ ಬಳಸುವ ಆಲೋಚನೆಯಿದ್ದರೆ ಬಿಡುವುದು ಮೇಲು. ಅಳತೆಯ ಗೆರೆಗಳನ್ನು ಉಕ್ಕಿನ ಒಡಲಿನ ಮೇಲೆ ಬಣ್ಣ ತುಂಬದೆ ಬರಿದೇ ಕೆತ್ತಿರುವುದು ನಿಜವಾದ ದೋಷ. ಮುಸ್ಸಂಜೆಯಲ್ಲಿ 100ರ ಗೆರೆಯನ್ನು 110ರ ಗೆರೆಯೆಂದು ಓದಿಬಿಡುವುದು ಸುಲಭ. ಕೆತ್ತನೆಗೆ ಬಿಳಿ ಬಣ್ಣ ತುಂಬಿ ಒರೆಸಿದ ಮೇಲೆ ಓದಲು ಅನುಕೂಲವಾಯಿತು, ಆದರೆ ಆ ಕೆಲಸವನ್ನು ತಯಾರಕರೇ ಮಾಡಿಕೊಡಬೇಕಿತ್ತು. ಒಡಲಿನ ಇನ್ನೊಂದು ಬದಿಯಲ್ಲಿ ಅಡಿ ಪೌಂಡಿನ ಅಂಕಿಗಳಿವೆ. ಇದು ಬರೀ ಗೊಂದಲವಲ್ಲ, ಅಪಾಯ: 100 ಅಡಿ ಪೌಂಡ್ ಎಂದರೆ 136 ನ್ಯೂಟನ್ ಮೀಟರ್. ಕೈಪಿಡಿಯಲ್ಲಿ ನ್ಯೂಟನ್ ಮೀಟರ್ ಓದಿ ರೆಂಚಿನಲ್ಲಿ ಅಡಿ ಪೌಂಡಿನ ಬದಿಗೆ ಹೊಂದಿಸಿದವರು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಿಗಿದಿರುತ್ತಾರೆ. ಹಳೆಯ ಕೈಪಿಡಿಗಳಲ್ಲಿ ಕೆಜಿ ಮೀಟರ್ ಲೆಕ್ಕವೂ ಕಾಣುತ್ತದೆ, 10.5 ಎಂದು ಬರೆದಿದ್ದರೆ ಅದನ್ನು 9.8ರಿಂದ ಗುಣಿಸಿ 103 ಎಂದು ಓದಿಕೊಳ್ಳಬೇಕು.

ಉಪಕರಣ ಎಷ್ಟೇ ಒಳ್ಳೆಯದಿದ್ದರೂ ತಪ್ಪು ಬಳಕೆ ಅದರ ಮಾತನ್ನು ಸುಳ್ಳಾಗಿಸುತ್ತದೆ, ಮತ್ತು ಇದರೊಂದಿಗೆ ಬಂದ ಸೂಚನಾ ಪತ್ರ ಈ ವಿಷಯದಲ್ಲಿ ತೀರ ಜಿಪುಣವಾಗಿದೆ. ಸ್ಟಡ್‌ಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಿ ಬಿಗಿಯುವ ಅಭ್ಯಾಸವನ್ನೇ ತೆಗೆದುಕೊಳ್ಳೋಣ. ನಾವು ಹಾಕುವ ತಿರುಚುಬಲದ ಸುಮಾರು ಶೇಕಡಾ 90 ಭಾಗ ಥ್ರೆಡ್‌ನ ಮತ್ತು ನಟ್‌ನ ಬುಡದ ಘರ್ಷಣೆಯಲ್ಲೇ ಖರ್ಚಾಗುತ್ತದೆ, ಸ್ಟಡ್ ಹಿಗ್ಗಿಸಲು ಉಳಿಯುವುದು ಹತ್ತರಷ್ಟೇ. ಜಾರುಪದಾರ್ಥ ಹಚ್ಚಿ ಘರ್ಷಣೆಯನ್ನು ಕಡಿಮೆ ಮಾಡಿದರೆ ಅದೇ 103ರ ಕ್ಲಿಕ್‌ಗೆ ಸ್ಟಡ್ ಮೂರನೆಯ ಒಂದು ಭಾಗದಷ್ಟು ಹೆಚ್ಚು ಹಿಗ್ಗಬಹುದು. ಕೈಪಿಡಿಯ ಅಂಕಿ ಸಾಮಾನ್ಯವಾಗಿ ಒಣ, ಶುದ್ಧ ಥ್ರೆಡ್‌ಗೆ ಹೇಳಿದ್ದು. ತಂತಿ ಬ್ರಷ್‌ನಿಂದ ತುಕ್ಕು, ಮಣ್ಣು ತೆಗೆದು ಒಣಗಿಸಿ ಬಿಗಿಯುವುದೇ ಸರಿಯಾದ ಕ್ರಮ. ಹಬ್ ಮತ್ತು ಚಕ್ರ ಕೂಡುವ ಮುಖಗಳಿಗೂ ಅದೇ ಬ್ರಷ್ ತಾಗಬೇಕು. ಆ ಮುಖಗಳ ನಡುವೆ ತುಕ್ಕಿನ ಪದರವೋ ಹೊಸದಾಗಿ ಬಳಿದ ಬಣ್ಣವೋ ಇದ್ದರೆ ಇಂದಿನ ಬಿಗಿತ ಸರಿಯಾಗಿದ್ದರೂ ಓಡಾಟದಲ್ಲಿ ಪದರ ಪುಡಿಯಾಗಿ ಅಥವಾ ತೆಳುವಾಗಿ ಸ್ಟಡ್‌ನ ಹಿಗ್ಗು ಇಳಿದುಹೋಗುತ್ತದೆ.

ಹಿಡಿಗೆ ಪೈಪು ಸೇರಿಸಿ ಉದ್ದ ಮಾಡಬಾರದು, ರೆಂಚಿನಿಂದ ನಟ್ ಬಿಚ್ಚಬಾರದು, ಜರ್ಕು ಹೊಡೆಯದೆ ಒಂದೇ ಸಮನೆ ಎಳೆಯಬೇಕು, ಕ್ಲಿಕ್ ಎಂದ ಮೇಲೆ ಖಾತ್ರಿಗೆಂದು ಮತ್ತೆ ಮತ್ತೆ ಕ್ಲಿಕ್ ಅನ್ನಿಸಬಾರದು. ಹಾಗೆ ಅನ್ನಿಸಿದಷ್ಟೂ ನಟ್ ಇನ್ನಷ್ಟು ಮುಂದಕ್ಕೆ ಹೋಗುತ್ತಿರುತ್ತದೆ. ಚಕ್ರ ಜ್ಯಾಕಿನ ಮೇಲಿರುವಾಗ ಎಲ್ಲ ನಟ್‌ಗಳನ್ನು ಕೈಯಿಂದ ಕೂರಿಸಿ, ಎದುರುಬದುರಾಗಿ ನಕ್ಷತ್ರದ ಕ್ರಮದಲ್ಲಿ ಅರ್ಧ ಬಿಗಿದು, ಟೈರ್ ನೆಲ ಮುಟ್ಟುವಷ್ಟು ಕಾರನ್ನು ಇಳಿಸಿದ ಮೇಲೆ ಅದೇ ಕ್ರಮದಲ್ಲಿ ಪೂರ್ತಿ ಬಿಗಿಯಬೇಕು. ಒಂದರ ಪಕ್ಕದ ಒಂದನ್ನು ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂತು, ಮೊದಲು ಬಿಗಿದ ನಟ್ ಕೊನೆಯದನ್ನು ಬಿಗಿಯುವ ಹೊತ್ತಿಗೆ ಸಡಿಲವಾಗಿರುತ್ತದೆ. ಕೆಲಸ ಮುಗಿದ ಮೇಲೆ ರೆಂಚನ್ನು 40ಕ್ಕೆ ಇಳಿಸಿಡಬೇಕು. ಮೇಲೆ ಬಿಟ್ಟರೆ ಒಳಗಿನ ಸ್ಪ್ರಿಂಗ್ ದಣಿಯುತ್ತದೆ, ಅಳತೆಯ ಕೊನೆಗಿಂತಲೂ ಕೆಳಗೆ ಸಡಿಲಿಸಿದರೆ ಒಳಭಾಗಗಳು ಜಾಗ ಬಿಡುತ್ತವೆ.

ಇನ್ನು ಸ್ಟಡ್ ಎಳೆಯುವ ಉಪಕರಣ. ಕಾರಿನ ಸ್ಟಡ್‌ಗಳನ್ನು ಹಬ್‌ನ ಹಿಂಭಾಗದಿಂದ ತೂರಿಸಿರುತ್ತಾರೆ. ತಲೆಯ ಹತ್ತಿರದ ಗರಗಸದಂಥ ಹಲ್ಲುಗಳು ಹಬ್‌ನ ತೂತಿನಲ್ಲಿ ಕಚ್ಚಿಕೊಂಡು ಅದು ತಿರುಗದಂತೆ ಹಿಡಿಯುತ್ತವೆ. ಹಾಳಾದದ್ದನ್ನು ಹಿಂದಕ್ಕೆ ಒತ್ತಿ ತೆಗೆದು ಹೊಸದನ್ನು ಮುಂದಕ್ಕೆ ಎಳೆದು ಕೂರಿಸಬೇಕು. ಹೊಸ ಸ್ಟಡ್ ಮೇಲೆ ವಾಷರುಗಳನ್ನು ಪೇರಿಸಿ ವೀಲ್ ನಟ್‌ನಿಂದಲೇ ಎಳೆಯುವುದು ರೂಢಿ. ಆ ನಟ್‌ನ ಥ್ರೆಡ್ ಇದರಿಂದ ಹಾಳಾಗುತ್ತದೆ, ಎಷ್ಟೋ ಸಲ ಸ್ಟಡ್‌ನದೂ ಹಾಳಾಗುತ್ತದೆ. ಈ ಉಪಕರಣದಲ್ಲಿ ನಟ್ ಮತ್ತು ಹಬ್ ನಡುವೆ ಬೇರಿಂಗ್ ಇದೆ. ತಿರುಗುವ ಉಜ್ಜಾಟ ಅದರಲ್ಲೇ ಮುಗಿದು ಸ್ಟಡ್‌ಗೆ ನೇರವಾದ ಎಳೆತ ಮಾತ್ರ ಸಿಗುತ್ತದೆ. ಪರಿಚಿತರ ಆ ಕಾರಿನಲ್ಲಿ ಬ್ರೇಕ್ ಕ್ಯಾಲಿಪರ್ ಮತ್ತು ಡಿಸ್ಕ್ ಬಿಚ್ಚಿದ ಮೇಲೆ ಹೊಸ ಸ್ಟಡ್ ಇದರಿಂದ ಸಲೀಸಾಗಿ, ನೇರವಾಗಿ ಕೂತಿತು. ತಲೆ ಹಬ್‌ನ ಹಿಂಬದಿಗೆ ಎಡೆಯಿಲ್ಲದಂತೆ ಅಂಟಿದೆಯೇ ಎಂದು ಸಣ್ಣ ಕನ್ನಡಿ ಹಿಡಿದು ನೋಡಲೇಬೇಕು. ಕೂದಲೆಳೆಯಷ್ಟು ಎಡೆ ಉಳಿದಿದ್ದರೂ ಓಡಾಟದಲ್ಲಿ ಸ್ಟಡ್ ಇನ್ನಷ್ಟು ಒಳಕ್ಕೆ ಸರಿದು ನಟ್ ಸಡಿಲವಾಗುತ್ತದೆ.

ಆದರೂ ಈ ಉಪಕರಣವನ್ನು ಎಲ್ಲರಿಗೂ ಹೇಳಲಾರೆ. ಹೊಸದನ್ನು ಕೂರಿಸುವ ಕೆಲಸವನ್ನಷ್ಟೇ ಇದು ಸುಲಭ ಮಾಡುತ್ತದೆ; ಹಳೆಯದನ್ನು ತೆಗೆಯುವುದು ಬೇರೆಯೇ ಕಷ್ಟ. ಸುತ್ತಿಗೆಯಿಂದ ಬಲವಾಗಿ ಬಡಿದರೆ ಏಟು ವೀಲ್ ಬೇರಿಂಗ್‌ಗೆ ತಾಗುತ್ತದೆ, ಎಬಿಎಸ್ ಸೆನ್ಸರ್ ಪಕ್ಕದಲ್ಲೇ ಇರುವ ಹಬ್‌ಗಳಲ್ಲಿ ಅದಕ್ಕೂ ಅಪಾಯ. ಕೆಲವು ಕಾರುಗಳಲ್ಲಿ ಸ್ಟಡ್ ಹಿಂದಕ್ಕೆ ಬರಲು ಜಾಗವೇ ಇರುವುದಿಲ್ಲ, ಹಬ್ ಅನ್ನೇ ಕಳಚಬೇಕಾಗುತ್ತದೆ. ಅಂಥ ಕಾರಿನವರು ಒಳ್ಳೆಯ ಮೆಕ್ಯಾನಿಕ್ ಕೈಗೆ ಕೆಲಸ ಒಪ್ಪಿಸಿ, ಸ್ಟಡ್ ಅನ್ನು ಒತ್ತಿ ಕೂರಿಸುತ್ತಾರೋ ಬಡಿದು ಕೂರಿಸುತ್ತಾರೋ ಎಂದು ಎದುರಿಗೆ ನಿಂತು ನೋಡುವುದು ಒಳ್ಳೆಯದು. ಮುರಿದ ಸ್ಟಡ್ ತುದಿಗೆ ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬರಬೇಕು. ಬಿಸಿಮಾಡಿ ತಣಿಸಿ ಗಟ್ಟಿಗೊಳಿಸಿದ ಉಕ್ಕಿಗೆ ವೆಲ್ಡಿಂಗ್ ಶಾಖ ತಾಗಿದರೆ ಅದರ ಗಟ್ಟಿತನವೇ ಹೋಗುತ್ತದೆ.

ಬದಲಿ ನಟ್‌ಗಳ ವಿಷಯದಲ್ಲಿ ನನಗೆ ತೀವ್ರ ಅಸಮಾಧಾನವಿದೆ. ನಾನು ತರಿಸಿದ ಕಟ್ಟಿನ ಮೇಲೆ ಎಲ್ಲ ಕಾರುಗಳಿಗೂ ಹೊಂದುತ್ತದೆ ಎಂಬರ್ಥದ ಬರಹವಿತ್ತು. ಎಲ್ಲಕ್ಕೂ ಹೊಂದುವ ವೀಲ್ ನಟ್ ಎಂಬುದೇ ಇಲ್ಲ. 12 ಮಿಲಿಮೀಟರ್ ಸ್ಟಡ್‌ಗಳಲ್ಲೇ 1.25 ಮತ್ತು 1.5 ಎಂಬ ಎರಡು ಥ್ರೆಡ್ ಅಂತರಗಳಿವೆ. ಒಂದರ ನಟ್ ಇನ್ನೊಂದರ ಮೇಲೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಂಡು, ಬಲ ಹಾಕಿದರೆ ಎರಡನ್ನೂ ಹಾಳುಮಾಡುತ್ತದೆ. ಬುಡದ ಆಕಾರ ಅದಕ್ಕಿಂತಲೂ ಮುಖ್ಯ. ಕೆಲವು ಚಕ್ರಗಳ ಕುಳಿ 60 ಡಿಗ್ರಿಯ ಶಂಕುವಿನಂತೆ ಓರೆ, ಕೆಲವದು ಗೋಳದಂತೆ ದುಂಡು, ಇನ್ನು ಕೆಲವದು ವಾಷರ್ ಕೂರುವಂತೆ ಚಪ್ಪಟೆ. ದುಂಡು ಕುಳಿಗೆ ಓರೆ ಬುಡದ ನಟ್ ಹಾಕಿದರೆ ಸಣ್ಣದೊಂದು ಗೆರೆಯಷ್ಟೇ ತಾಗಿರುತ್ತದೆ. ರೆಂಚು ಕ್ಲಿಕ್ ಎನ್ನುತ್ತದೆ, ಅಂಕಿ ಸರಿಯಿರುತ್ತದೆ, ಆದರೆ ಅಲಾಯ್ ಚಕ್ರದ ಮೃದು ಲೋಹ ಆ ಗೆರೆಯಲ್ಲಿ ಕುಸಿದು ಬಿಗಿತ ಇಳಿದುಹೋಗುತ್ತದೆ. ಹಳೆಯ ನಟ್‌ನ ಪಕ್ಕದಲ್ಲಿ ಹೊಸದನ್ನು ಇಟ್ಟು ಬುಡದ ಹೊಳಪಿನ ಪಟ್ಟಿ ಎರಡರಲ್ಲೂ ಒಂದೇ ಆಕಾರದಲ್ಲಿದೆಯೇ ಎಂದು ನೋಡದೆ ಯಾವ ನಟ್ ಅನ್ನೂ ಹಾಕಬಾರದು. ಥ್ರೆಡ್ ಎಷ್ಟು ಹಿಡಿದಿದೆ ಎಂಬುದನ್ನೂ ಎಣಿಸಬೇಕು: ಕನಿಷ್ಠ ಸ್ಟಡ್‌ನ ವ್ಯಾಸದಷ್ಟು ಉದ್ದ ಒಳಗೆ ಹೋಗಬೇಕು, ಅಂದರೆ 12 ಮಿಲಿಮೀಟರಿನ 1.5 ಅಂತರದ ಸ್ಟಡ್‌ಗೆ ಪೂರ್ಣ 8 ಸುತ್ತು.

ಆ ಕಟ್ಟಿನ ನಟ್‌ಗಳ ಇನ್ನೊಂದು ದೋಷ ಮೇಲಿನ ಟೋಪಿ. ಸಾಧಾರಣ ಉಕ್ಕಿನ ನಟ್‌ನ ಮೇಲೆ ಹೊಳೆಯುವ ತೆಳು ತಗಡು ಹೊದಿಸಿದ್ದಾರೆ. ತಗಡಿನ ಅಂಚಿನಿಂದ ನೀರು ಒಳಹೋಗಿ ತುಕ್ಕು ಹಿಡಿದರೆ ಟೋಪಿ ಉಬ್ಬುತ್ತದೆ, 19ರ ಸಾಕೆಟ್ ಹಿಡಿಸದು, 20ರದ್ದು ಸಡಿಲ. ರಾತ್ರಿ ಪಂಕ್ಚರ್ ಆದಾಗ ಸ್ಟೆಪ್ನಿ ಕೈಯಲ್ಲಿದ್ದರೂ ಚಕ್ರ ಬಿಚ್ಚಲಾಗದೆ ನಿಲ್ಲಬೇಕಾಗುತ್ತದೆ. ಒಂದೇ ಉಕ್ಕಿನ ಗಟ್ಟಿಯಿಂದ ಕಡೆದ, ಕಾರಿನ ತಯಾರಕರು ಸೂಚಿಸಿದ ಅಳತೆಯ ನಟ್‌ಗಳಲ್ಲದೆ ಬೇರೆ ಯಾವುದನ್ನೂ ಈ ಜಾಗಕ್ಕೆ ತರಬಾರದು.

ಹಳದಿ ಬಾಣದ ಪ್ಲಾಸ್ಟಿಕ್ ಸೂಚಕಗಳು ಲಾರಿ, ಬಸ್ಸುಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ. ಬಿಗಿದ ಮೇಲೆ ಪಕ್ಕಪಕ್ಕದ ಎರಡು ಬಾಣಗಳು ಒಂದರ ಮುಖ ಒಂದು ನೋಡುವಂತೆ ಸಿಕ್ಕಿಸಿದರೆ, ನಟ್ ತಿರುಗಿದಾಗ ಬಾಣ ದಿಕ್ಕು ತಪ್ಪಿ ದೂರದಿಂದಲೇ ತಿಳಿಯುತ್ತದೆ. ಕಾರಿಗೂ ಇವು ಉಪಯುಕ್ತ, ಬೆಲೆಗೆ ತಕ್ಕ ವಸ್ತು. ನಟ್ ತಿರುಗದೆಯೇ ಸ್ಟಡ್ ಹಿಗ್ಗಿ ಅಥವಾ ತುಕ್ಕು ಪುಡಿಯಾಗಿ ಬಿಗಿತ ಇಳಿದಿದ್ದರೆ ಬಾಣಕ್ಕೆ ಅದು ಗೊತ್ತಾಗುವುದಿಲ್ಲ, ಹಾಗಾಗಿ ಇವನ್ನು ರೆಂಚಿಗೆ ಬದಲಿಯೆಂದು ಮಾರುವುದು ತಪ್ಪು.

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಐದು ಅಥವಾ ಆರು ಸ್ಟಡ್‌ಗಳ ಚಕ್ರದಲ್ಲಿ ಒಂದೇ ಒಂದು ಇಲ್ಲವಾಗಿದ್ದು, ಉಳಿದವುಗಳ ಥ್ರೆಡ್ ಸರಿಯಾಗಿದ್ದು, ರೆಂಚಿನಿಂದ ಅಷ್ಟನ್ನೂ ಕೈಪಿಡಿಯ ಅಂಕಿಗೆ ಬಿಗಿದಾಗಿದ್ದರೆ ಹತ್ತಿರದ ಗ್ಯಾರೇಜಿನವರೆಗೆ ನಿಧಾನವಾಗಿ, ಹೊರೆಯಿಲ್ಲದೆ, ಹೆದ್ದಾರಿ ತಪ್ಪಿಸಿ ಹೋಗಬಹುದೆಂಬುದು ನನ್ನ ನಿಲುವು. ಹೋಗುವ ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ಅಳೆಯಬೇಕು. ಕಳೆದದ್ದಕ್ಕೆ ಸರಿದೂಗಲೆಂದು ಉಳಿದವನ್ನು ಹೆಚ್ಚು ಬಿಗಿಯುವುದು ಅವುಗಳನ್ನೂ ಹಾಳುಮಾಡುವ ದಾರಿ. ನಾಲ್ಕು ಸ್ಟಡ್‌ಗಳ ಚಕ್ರದಲ್ಲಿ ಒಂದು ಹೋಗಿದ್ದರೆ ನಾನು ಓಡಿಸುವುದಿಲ್ಲ, ಅಪಾಯದ ಜಾಗದಿಂದ ಬದಿಗೆ ಸರಿಸುವಷ್ಟು ಮಾತ್ರ. ಎರಡು ಇಲ್ಲದಿದ್ದರೆ, ಕುಳಿಯೇ ಅಂಡಾಕಾರಕ್ಕೆ ಹಿಗ್ಗಿದ್ದರೆ, ಅಥವಾ ವೇಗದೊಂದಿಗೆ ಬದಲಾಗುವ ಟಕ್ ಟಕ್ ಸದ್ದು ಇಲ್ಲವೇ ಸ್ಟಿಯರಿಂಗ್‌ನಲ್ಲಿ ಹೊಸ ನಡುಕ ಕಂಡುಬಂದಿದ್ದರೆ ಕಾರು ಅಲ್ಲಿಯೇ ನಿಲ್ಲಬೇಕು, ಸಾಗಿಸುವ ವಾಹನವನ್ನೇ ಕರೆಸಬೇಕು. ಚಕ್ರ ಕಳಚಿದರೆ ಅಪಾಯ ಕಾರಿನೊಳಗಿನವರಿಗಷ್ಟೇ ಅಲ್ಲ. ಹತ್ತಾರು ಕೆಜಿ ತೂಕದ ಚಕ್ರ ಕಾರಿನ ವೇಗದಲ್ಲೇ ಉರುಳಿಹೋಗುತ್ತದೆ, ದಾರಿಯಲ್ಲಿ ನಡೆಯುವವರಿಗೆ ಅದರಿಂದ ತಪ್ಪಿಸಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಗ್ಯಾರೇಜ್ ತಲುಪುವಷ್ಟರಲ್ಲಿ ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳುವವರ ಮಾತನ್ನು ಇಲ್ಲಿ ಕೇಳಲೇಬಾರದು.

ದುರಸ್ತಿಯಾದ ಮೇಲೂ ರೆಂಚಿಗೆ ಕೆಲಸ ಉಳಿದಿರುತ್ತದೆ. ಚಕ್ರ ಬಿಚ್ಚಿ ಹಾಕಿದ ಮೇಲೆ, ಅದರಲ್ಲೂ ಅಲಾಯ್ ಚಕ್ರಗಳಲ್ಲಿ, 80ರಿಂದ 160 ಕಿಲೋಮೀಟರ್ ಓಡಿದ ನಂತರ ನಟ್‌ಗಳನ್ನು ಮತ್ತೊಮ್ಮೆ ಅಳೆಯಬೇಕು. ಪರಿಚಿತರ ಕಾರಿನಲ್ಲಿ ಹೊಸ ಸ್ಟಡ್‌ನ ನಟ್ ಆ ಎರಡನೆಯ ಅಳತೆಯಲ್ಲಿ ಸ್ವಲ್ಪ ತಿರುಗಿ ಕ್ಲಿಕ್ ಎಂದಿತು, ಉಳಿದವು ಅಲುಗಾಡಲಿಲ್ಲ. ಅದರ ನಂತರದ ಅಳತೆಯಲ್ಲಿ ಐದೂ ಅಲುಗಾಡಲಿಲ್ಲ. ಚಕ್ರ ತಣ್ಣಗಿರುವಾಗಲೇ ಅಳೆಯುವುದು ಒಳ್ಳೆಯದು, ಬ್ರೇಕಿನ ಶಾಖದಲ್ಲಿ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿರುತ್ತವೆ.

ಕೊಳ್ಳುವವರಿಗೆ ಇನ್ನೆರಡು ಮಾತು. ರೆಂಚಿನೊಂದಿಗೆ ಸಾಕೆಟ್ ಬರುವುದಿಲ್ಲ. 17, 19, 21ರ ಪೈಕಿ ನಿಮ್ಮ ನಟ್‌ಗೆ ಯಾವುದು ಬೇಕೋ ಅದನ್ನು ಆರು ಮೂಲೆಯ, ಆಳವಾದ ಮಾದರಿಯಲ್ಲೇ ಕೊಳ್ಳಬೇಕು, ಹನ್ನೆರಡು ಮೂಲೆಯದು ನಟ್‌ನ ಅಂಚುಗಳನ್ನು ತಿನ್ನುತ್ತದೆ. ಸ್ಟಡ್ ಬದಲು ಹಬ್‌ನೊಳಕ್ಕೆ ನೇರವಾಗಿ ಬೋಲ್ಟ್ ಹೋಗುವ ಕಾರುಗಳಿಗೂ ರೆಂಚು ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಸ್ಟಡ್ ಎಳೆಯುವ ಉಪಕರಣಕ್ಕೆ ಅಂಥ ಕಾರಿನಲ್ಲಿ ಕೆಲಸವಿಲ್ಲ, ಮತ್ತು ಹಬ್‌ನೊಳಗಿನ ಥ್ರೆಡ್ ಹಾಳಾದರೆ ಅಲ್ಲಿ ದುರಸ್ತಿಯ ಖರ್ಚು ಸ್ಟಡ್‌ಗಿಂತ ಹೆಚ್ಚಾಗುವುದರಿಂದ, ಆ ಕಾರಿನವರು ಬೋಲ್ಟ್‌ಗಳನ್ನು ಗನ್‌ನಿಂದ ಹತ್ತಿಸಲು ಬಿಡದೆ ಕೈಯಿಂದ ಕೂರಿಸಿ ರೆಂಚಿನಿಂದ ಬಿಗಿಯುವಂತೆ ಟೈರ್ ಅಂಗಡಿಯಲ್ಲಿ ಮೊದಲೇ ಹೇಳಿಡುವುದು ಇನ್ನೂ ಅಗತ್ಯ.